ಎಲೆಗೆ ಪರವಾನಗಿ, ಹೂವಿಗೆ ಸೆರೆಮನೆ

ನಮ್ಮ ತಾಲ್ಲೂಕಿನ ಕಾಡಂಚಿನ ಹಳ್ಳಿಯೊಂದರ ಬಗರ್‌ಹುಕುಂ ಸಾಗುವಳಿದಾರನೊಬ್ಬನು ಹದಿನಾಲ್ಕು ತಿಂಗಳುಗಳಿಂದ ಜೈಲಿನಲ್ಲಿದ್ದಾನೆ. ಅವನ ಮೊಕದ್ದಮೆಯ ವಿಚಾರಣೆ ಇನ್ನೂ ಆರಂಭವಾಗಿಲ್ಲ. ಮುಸುಕಿನ ಜೋಳದ ಸಾಲುಗಳ ನಡುವೆ ಒಂಬತ್ತು ಗಾಂಜಾ ಗಿಡಗಳನ್ನು ಬೆಳೆದನೆಂಬುದು ಅವನ ಮೇಲಿನ ಆಪಾದನೆ. ದಾಳಿಗೆ ಬಂದವರು ಗಿಡಗಳನ್ನು ಬೇರು, ಮಣ್ಣು, ಕಾಂಡ, ಎಲೆ ಸಮೇತ ಕಿತ್ತು ಹಸಿಯಾಗಿಯೇ ತಕ್ಕಡಿಗೆ ಹಾಕಿದರು. ೨೧ ಕಿಲೋ ತೂಗಿತು. ಕಾಯಿದೆ ಗೀಚಿರುವ ಗೆರೆ ೨೦ ಕಿಲೋ. ಬೇರಿಗಂಟಿದ ಮಣ್ಣನ್ನು ಕೊಡವಿದ್ದರೆ ಅವನ ಹಣೆಬರಹವೇ ಬೇರೆಯಾಗುತ್ತಿತ್ತು.

ನಾವು ಆ ಊರಿನ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದಾಗ ಅವನ ಮಗಳಿಗೆ ಮಗ್ಗಿ ಕಲಿಸಿದವರು. ಆ ಹುಡುಗಿ ಈಗ ಶಾಲೆ ಬಿಟ್ಟು ತಾಯಿಯೊಡನೆ ಅಡಿಕೆ ಸುಲಿಯಲು ಹೋಗುತ್ತಾಳೆ. ಪಕ್ಷದ ಸದಸ್ಯತ್ವದ ಕೆಲಸಕ್ಕೆಂದು ಮೊನ್ನೆ ಆ ಕಡೆ ಹೋದಾಗ ಆ ತಾಯಿ ನಮ್ಮನ್ನು ಕೇಳಿದರು: "ಬ್ರಾಂದಿ ಅಂಗಡಿಗೆ ಸರ್ಕಾರವೇ ಲೈಸೆನ್ಸು ಕೊಡ್ತದೆ. ನಮ್ಮ ಮನೆಯವ್ರು ಮಾಡಿದ್ದು ಅದಕ್ಕಿಂತ ಏನು ಹೆಚ್ಚು ಮೇಷ್ಟ್ರೇ?" ಆಗ ನಮ್ಮ ಬಾಯಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ಅವನು ಗಿಡ ಬೆಳೆಯಲೇ ಇಲ್ಲವೆಂದು ನಾವು ವಾದಿಸುವುದಿಲ್ಲ. ಬೆಳೆದದ್ದು ನಿಜ. ಪೇಟೆಯ ದಲ್ಲಾಳಿಯೊಬ್ಬ ಬೀಜವನ್ನೂ ಮುಂಗಡವನ್ನೂ ಕೊಟ್ಟು ಹೋಗಿದ್ದ. ಜೋಳದ ಧಾರಣೆ ಬಿದ್ದಿತ್ತು. ಕೈಸಾಲದ ಬಡ್ಡಿ ಏರುತ್ತಿತ್ತು. ಗಿಡ ನೆಟ್ಟವನು ಜೈಲಿನಲ್ಲಿದ್ದಾನೆ, ನೆಡಿಸಿದವನ ಹೆಸರು ಯಾವ ಕಾಗದದಲ್ಲಿಯೂ ಇಲ್ಲ.

ಈ ಕಾಯಿದೆಯ ಸ್ವರೂಪವನ್ನು ಓದುಗರು ಸ್ವಲ್ಪ ತಿಳಿದುಕೊಳ್ಳಬೇಕು. ೧೯೮೫ರ ಮಾದಕ ವಸ್ತುಗಳ ಕಾಯಿದೆಯನ್ನು ಕೋರ್ಟಿನವರು ಎನ್.ಡಿ.ಪಿ.ಎಸ್. ಎಂದು ಕರೆಯುತ್ತಾರೆ. ಅದರ ಪ್ರಕಾರ ಒಂದು ಕಿಲೋವರೆಗಿನ ಗಾಂಜಾಕ್ಕೆ ಒಂದು ವರ್ಷದವರೆಗೆ ಸಜೆ ಅಥವಾ ಹತ್ತು ಸಾವಿರದವರೆಗೆ ಜುಲ್ಮಾನೆ, ಇಲ್ಲವೆ ಎರಡೂ. ೨೦ ಕಿಲೋ ಮೀರಿದರೆ ಹತ್ತು ವರ್ಷಕ್ಕೆ ಕಡಿಮೆಯಿಲ್ಲದ, ಇಪ್ಪತ್ತು ವರ್ಷದವರೆಗಿನ ಕಠಿಣ ಸಜೆ, ಮೇಲೆ ಕನಿಷ್ಠ ಒಂದು ಲಕ್ಷ ರೂಪಾಯಿ ಜುಲ್ಮಾನೆ. ಬೇಸಾಯಕ್ಕೆ ಬೇರೆಯೇ ಶಿಕ್ಷೆಯುಂಟು: ಒಂದೇ ಗಿಡವಿರಲಿ, ನೂರು ಗಿಡವಿರಲಿ, ಹತ್ತು ವರ್ಷದವರೆಗೆ ಸಜೆ. ದೊಡ್ಡ ತೂಕದ ಮೊಕದ್ದಮೆಗಳಲ್ಲಿ, ಆಪಾದಿತನು ತಪ್ಪಿತಸ್ಥನಲ್ಲವೆಂದು ನಂಬಲು ಕಾರಣವುಂಟೆಂದು ನ್ಯಾಯಾಧೀಶರಿಗೆ ಮೊದಲೇ ಮನವರಿಕೆಯಾದ ಹೊರತು ಜಾಮೀನಿಲ್ಲ. ಎಂದರೆ ವಿಚಾರಣೆಗೆ ಮುಂಚೆಯೇ ಅವನು ತನ್ನ ನಿರಪರಾಧಿತ್ವವನ್ನು ತೋರಿಸಿಕೊಳ್ಳಬೇಕು. ಕೊಲೆಯ ಆಪಾದಿತನಿಗೂ ಕಾನೂನು ಇಷ್ಟು ಕಠಿಣವಾದ ಷರತ್ತು ಹಾಕಿಲ್ಲ.

ಇನ್ನು ಇದೇ ಕಾಯಿದೆಯ ವಿಚಿತ್ರವನ್ನು ನೋಡಿ. ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ ಮಾತ್ರ. ತುದಿಯೊಡನೆ ಕೂಡಿರದ ಎಲೆಯೂ ಬೀಜವೂ ಗಾಂಜಾ ಅಲ್ಲ. ಆದ್ದರಿಂದಲೇ ಎಲೆಯನ್ನು ಅರೆದು ಮಾಡುವ ಭಂಗಿಯು ಈ ಕಾಯಿದೆಯ ಹಿಡಿತಕ್ಕೆ ಸಿಕ್ಕುವುದಿಲ್ಲ. ಉತ್ತರ ಪ್ರದೇಶ, ರಾಜಸ್ಥಾನಗಳಲ್ಲಿ ಸರ್ಕಾರದ ಪರವಾನಗಿ ಪಡೆದ ಭಂಗಿ ಅಂಗಡಿಗಳೇ ಉಂಟು. ಈ ಕಾಯಿದೆಯಲ್ಲಿ ಭಂಗಿಯನ್ನು ನಿಷೇಧಿತ ವಸ್ತುವೆಂದು ಎಲ್ಲಿಯೂ ಹೇಳಿಲ್ಲವೆಂದು ನಮ್ಮ ಕರ್ನಾಟಕ ಹೈಕೋರ್ಟು ೨೦೨೨ರಲ್ಲಿ ಒಂದು ಜಾಮೀನು ಅರ್ಜಿಯ ಮೇಲೆ ಹೇಳಿತು. ಗಿಡ ಒಂದೇ, ಬೇರು ಒಂದೇ. ಎಲೆಗೆ ಪರವಾನಗಿ, ಹೂವಿಗೆ ಸೆರೆಮನೆ. ಹೀಗಿರುವಾಗ ಬೇರು, ಕಾಂಡ, ಎಲೆಗಳನ್ನೆಲ್ಲ ಕೂಡಿಸಿ ತೂಗಿ ಗಾಂಜಾವೆಂದು ಬರೆದುಕೊಳ್ಳುವುದು ಯಾವ ನ್ಯಾಯ? ಇಂಥ ತೂಕವನ್ನು ಪ್ರಶ್ನಿಸಿದವರಿಗೆ ಹೈಕೋರ್ಟುಗಳಲ್ಲಿ ಜಾಮೀನು ಸಿಕ್ಕಿದ್ದುಂಟು. ಆದರೆ ಹೈಕೋರ್ಟಿನ ಮೆಟ್ಟಿಲು ಹತ್ತಲು ಅಡಿಕೆ ಸುಲಿಯುವ ಕೂಲಿ ಸಾಲುವುದಿಲ್ಲ.

ಈ ಗಿಡ ನಿನ್ನೆ ಮೊನ್ನೆ ನಮ್ಮ ನಾಡಿಗೆ ಬಂದದ್ದಲ್ಲ. ಬೈರಾಗಿಗಳ, ಅವಧೂತರ, ಫಕೀರರ ಚಿಲುಮೆಯನ್ನು ಕಾಣದ ಜಾತ್ರೆಯಿಲ್ಲ. ಯಾದಗಿರಿ ಜಿಲ್ಲೆಯ ತಿಂಥಿಣಿಯ ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾವನ್ನು ಪ್ರಸಾದವೆಂದು ಸ್ವೀಕರಿಸುವ ರೂಢಿಯನ್ನು ೨೦೨೦ರಲ್ಲಿ ಪತ್ರಿಕೆಗಳು ವಿವರವಾಗಿ ಬರೆದವು. ರೂಢಿಯಲ್ಲಿರುವುದೆಲ್ಲ ಒಳ್ಳೆಯದೆಂದು ನಾವು ಹೇಳುವುದಿಲ್ಲ. ಹಾಗೆ ಹೇಳಿದರೆ ಅಸ್ಪೃಶ್ಯತೆಯನ್ನೂ ಒಪ್ಪಬೇಕಾದೀತು. ಆದರೆ ಶತಮಾನಗಳಿಂದ ಜನ ಬಳಸಿಕೊಂಡು ಬಂದುದನ್ನು ಒಂದೇ ದಿನದಲ್ಲಿ ಮಹಾಪರಾಧವನ್ನಾಗಿ ಮಾಡುವ ಮುಂಚೆ ಸರ್ಕಾರವು ವಿಚಾರಿಸಿ ನೋಡಬೇಕಾದದ್ದು ಧರ್ಮ.

ವಿಚಾರಿಸಿ ನೋಡಿದ ಸರ್ಕಾರ ಒಂದಿತ್ತು. ಆದರೆ ಅದು ನಮ್ಮದಲ್ಲ, ಪರದೇಶಿಯರದು. ಗಾಂಜಾದಿಂದ ಜನ ಹುಚ್ಚರಾಗುತ್ತಿದ್ದಾರೆಂಬ ಕೂಗು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಎದ್ದಾಗ ೧೮೯೩ರಲ್ಲಿ ಒಂದು ಆಯೋಗ ನೇಮಕವಾಯಿತು. ಅದರ ಏಳು ಮಂದಿ ಸದಸ್ಯರಲ್ಲಿ ಮೂವರು ಭಾರತೀಯರು. ಆಯೋಗವು ೧,೧೯೩ ಸಾಕ್ಷಿಗಳ ಹೇಳಿಕೆ ಪಡೆಯಿತು, ಹುಚ್ಚಾಸ್ಪತ್ರೆಗಳ ದಾಖಲೆಗಳನ್ನು ಒಂದೊಂದಾಗಿ ತಿರುವಿಹಾಕಿತು. ಮಿತವಾದ ಬಳಕೆಯಿಂದ ಹೇಳಿಕೊಳ್ಳುವಂಥ ಕೇಡಿಲ್ಲ, ಅತಿಯಾದದ್ದು ಕೆಡಿಸುತ್ತದೆ, ಪೂರಾ ನಿಷೇಧ ತಕ್ಕದ್ದಲ್ಲ, ತೆರಿಗೆ ಮತ್ತು ಪರವಾನಗಿಗಳಿಂದ ಹತೋಟಿಯಲ್ಲಿಡುವುದೇ ಸರಿ ಎಂದು ಅದು ೧೮೯೪ರಲ್ಲಿ ತೀರ್ಮಾನಿಸಿತು. ಅವರಿಗೆ ಅಬಕಾರಿ ಆದಾಯದ ಆಸೆಯೂ ಇತ್ತು, ನಾವು ಮರೆತಿಲ್ಲ. ಆದರೂ ಅವರು ಕೇಳಿ ತಿಳಿಯುವ ಶ್ರಮ ತೆಗೆದುಕೊಂಡರು.

ಸ್ವತಂತ್ರ ಭಾರತ ಏನು ಮಾಡಿತು? ೧೯೬೧ರ ಅಂತರರಾಷ್ಟ್ರೀಯ ಒಪ್ಪಂದವು ಗಾಂಜಾವನ್ನು ಅಫೀಮಿನ ಪಂಕ್ತಿಯಲ್ಲಿ ಕೂರಿಸಿ, ಔಷಧಕ್ಕಲ್ಲದ ಬಳಕೆಯನ್ನು ನಿಲ್ಲಿಸಲು ಇಪ್ಪತ್ತೈದು ವರ್ಷಗಳ ಗಡುವು ಕೊಟ್ಟಿತು. ಗಡುವು ಹತ್ತಿರವಾದಾಗ, ೧೯೮೫ರ ಆಗಸ್ಟಿನಲ್ಲಿ ಲೋಕಸಭೆಯಲ್ಲಿ ಮಂಡಿತವಾದ ಮಸೂದೆ ಸೆಪ್ಟೆಂಬರ್ ೧೬ಕ್ಕೆ ರಾಷ್ಟ್ರಪತಿಗಳ ಅಂಕಿತ ಪಡೆಯಿತು. ಅಂದು ಪರರಾಜ್ಯಗಳ ಮಾತು ಕೇಳಿ ನಾವು ತೊಟ್ಟ ಬೇಡಿಯನ್ನು ಆ ರಾಜ್ಯಗಳೇ ಈಗ ಕಳಚುತ್ತಿವೆ. ಮಾದಕ ವಸ್ತುಗಳ ಮೇಲೆ ಮೊದಲು ಯುದ್ಧ ಸಾರಿದ ಅಮೆರಿಕದಲ್ಲಿಯೇ ಕೊಲರಾಡೊ, ವಾಷಿಂಗ್ಟನ್ ರಾಜ್ಯಗಳ ಮತದಾರರು ೨೦೧೨ರಲ್ಲಿ ಗಾಂಜಾವನ್ನು ಕಾನೂನುಬದ್ಧಗೊಳಿಸಿದರು. ಉರುಗ್ವೆ ೨೦೧೩ರಲ್ಲಿ, ಕೆನಡಾ ೨೦೧೮ರಲ್ಲಿ, ಜರ್ಮನಿ ೨೦೨೪ರಲ್ಲಿ ಬೇರೆ ಬೇರೆ ನಿಬಂಧನೆಗಳೊಡನೆ ಅದೇ ದಾರಿ ಹಿಡಿದವು. ಅತ್ಯಂತ ಅಪಾಯಕರ ವಸ್ತುಗಳ ಪಟ್ಟಿಯಿಂದ ಗಾಂಜಾವನ್ನು ತೆಗೆಯಲು ೨೦೨೦ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಆಯೋಗದಲ್ಲಿ ಮತದಾನ ನಡೆದಾಗ ನಮ್ಮ ಭಾರತ ಸರ್ಕಾರವೂ ತೆಗೆಯಬೇಕೆಂದೇ ಮತ ಕೊಟ್ಟಿತು. ವಿಯೆನ್ನಾದಲ್ಲಿ ಅಷ್ಟು ಅಪಾಯಕರವಲ್ಲವೆಂದು ಕೈಯೆತ್ತುವ ಸರ್ಕಾರ, ಮಲೆನಾಡಿನ ಜೋಳದ ಹೊಲದಲ್ಲಿ ಹತ್ತು ವರ್ಷದ ಸಜೆ ಹಿಡಿದು ನಿಂತಿದೆ!

ಕಾಯಿದೆ ಕ್ರೂರವಾದರೂ ಫಲ ಕೊಟ್ಟಿದ್ದರೆ ಒಂದು ಮಾತು. ಕೇಂದ್ರ ಸರ್ಕಾರವೇ ದೆಹಲಿಯ ಅಖಿಲ ಭಾರತ ವೈದ್ಯಕೀಯ ಸಂಸ್ಥೆಯಿಂದ ಮಾಡಿಸಿದ ೨೦೧೯ರ ಸಮೀಕ್ಷಾ ವರದಿಯಂತೆ, ಭಂಗಿ, ಗಾಂಜಾ, ಚರಸ್ಸುಗಳನ್ನು ವರ್ಷವೊಂದರಲ್ಲಿ ಬಳಸಿದವರು ಸುಮಾರು ೩ ಕೋಟಿ ೧೦ ಲಕ್ಷ ಮಂದಿ. ಕಾನೂನು ಬಿಟ್ಟಿರುವ ಭಂಗಿಯನ್ನು ಬದಿಗಿಟ್ಟರೂ ಗಾಂಜಾ, ಚರಸ್ಸಿನವರೇ ಸುಮಾರು ೧ ಕೋಟಿ ೩೦ ಲಕ್ಷ. ಮೂರು ದಶಕಗಳ ನಿಷೇಧದ ಫಲವಿದು. ಕೊಳ್ಳುವವನಿಗೆ ಮಾಲು ಸಿಕ್ಕಿಯೇ ಸಿಗುತ್ತದೆ. ನಿಷೇಧದಿಂದ ಆದದ್ದು ಇಷ್ಟೇ: ಬೆಳೆಗಾರನಿಗೆ ಭಯ, ದಲ್ಲಾಳಿಗೆ ಲಾಭ, ಕಂಡೂ ಕಾಣದಂತಿರುವ ಕೈಗಳಿಗೆ ಮಾಮೂಲು.

ಇಲ್ಲಿ ನಮ್ಮ ಪಕ್ಷದ ತಾಯಂದಿರೇ ಎದ್ದು ಕೇಳುವ ಮಾತೊಂದುಂಟು: "ಕುಡಿತದಿಂದಲೇ ಮನೆಗಳು ಹಾಳಾಗಿವೆ, ಅದರ ಮೇಲೆ ಗಾಂಜಾವನ್ನೂ ತಂದು ಸುರಿಯಬೇಕೆ?" ಸಾರಾಯಿಯ ವಿರುದ್ಧ ಬೀದಿಗಿಳಿದವರ ಮಾತಿದು, ಇದನ್ನು ಹಗುರವಾಗಿ ತಳ್ಳಿಹಾಕುವ ಅಧಿಕಾರ ನಮಗಿಲ್ಲ. ಆದರೆ ನಡೆದದ್ದನ್ನು ನೆನೆಯೋಣ. ೨೦೦೭ರ ಜುಲೈಯಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಂತಿತು, ಉಳ್ಳವರ ವಿಸ್ಕಿ ನಿಲ್ಲಲಿಲ್ಲ. ವರ್ಷ ತುಂಬುವ ಮೊದಲೇ, ೨೦೦೮ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ನೆರೆಯ ಕೃಷ್ಣಗಿರಿಯ ಕಡೆ ಕಳ್ಳಸಾರಾಯಿ ಕುಡಿದು ನೂರಕ್ಕೂ ಹೆಚ್ಚು ಬಡವರು ಸತ್ತರು. ಕುಡಿತವೇನೂ ಇಳಿಯಲಿಲ್ಲ. ೨೦೨೩-೨೪ರಲ್ಲಿ ರಾಜ್ಯಕ್ಕೆ ಅಬಕಾರಿಯಿಂದ ಬಂದ ವರಮಾನ ೩೪ ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಸಂವಿಧಾನದ ೪೭ನೆಯ ವಿಧಿಯು ಆರೋಗ್ಯಕ್ಕೆ ಹಾನಿಕರವಾದ ಪಾನೀಯ ಮತ್ತು ದ್ರವ್ಯ ಎರಡನ್ನೂ ನಿಷೇಧಿಸಲು ಯತ್ನಿಸಬೇಕೆಂದು ಒಂದೇ ಉಸಿರಿನಲ್ಲಿ ಹೇಳುತ್ತದೆ. ಬಾಟಲಿಗೆ ಬಂದಾಗ ಆ ವಿಧಿ ನಿದ್ದೆ ಮಾಡುತ್ತದೆ, ಗಿಡಕ್ಕೆ ಬಂದಾಗ ಲಾಠಿ ಹಿಡಿದು ಏಳುತ್ತದೆ. ಜೈಲಿನಲ್ಲಿರುವವನ ಹೆಂಡತಿ ಕೇಳಿದ್ದೂ ಇದನ್ನೇ.

ಗಾಂಜಾ ನಿರುಪದ್ರವಿಯೆಂದು ಹಾಡಿ ಹೊಗಳುವ ಪಟ್ಟಣದ ಯುವಕರ ಗುಂಪಿಗೂ ನಾವು ಸೇರಿದವರಲ್ಲ. ಹೈಸ್ಕೂಲು ಹುಡುಗರು ಈ ಹೊಗೆಗೆ ಬಿದ್ದು ಓದು ಬಿಟ್ಟದ್ದನ್ನು ಕಣ್ಣಾರೆ ಕಂಡಿದ್ದೇವೆ. ಎಳೆಯ ವಯಸ್ಸಿನಲ್ಲಿ, ವಿಪರೀತವಾಗಿ ಸೇದಿದವರಲ್ಲಿ ಚಿತ್ತವಿಕಾರದ ಅಪಾಯ ಹೆಚ್ಚೆಂದು ವೈದ್ಯರು ಹೇಳುವುದು ಸತ್ಯ. ಅದೇ ಸಮೀಕ್ಷೆ, ಈ ಚಟದಿಂದ ತೊಂದರೆಗೊಳಗಾಗಿ ನೆರವು ಬೇಕಾದವರು ೭೨ ಲಕ್ಷವೆಂದು ಎಣಿಸಿದೆ. ಸಣ್ಣ ಸಂಖ್ಯೆಯಲ್ಲ. ಆದರೆ ಆ ೭೨ ಲಕ್ಷ ಮಂದಿಗೆ ಬೇಕಾದದ್ದು ವೈದ್ಯನೋ ದಫೇದಾರನೋ? ಚಟಕ್ಕೆ ಬಿದ್ದ ಹುಡುಗನನ್ನು ಕರೆದುಕೊಂಡು ತಂದೆಯೊಬ್ಬ ಆಸ್ಪತ್ರೆಗೆ ಹೋಗಲು ಹೆದರುವುದು ಏಕೆ? ಮಗನ ಹೆಸರು ಠಾಣೆಯ ಪುಸ್ತಕ ಸೇರೀತೆಂಬ ಭಯದಿಂದ. ಕದ್ದು ಮಾರುವವನು ಗಿರಾಕಿಯ ವಯಸ್ಸು ಕೇಳುವುದಿಲ್ಲ. ಪರವಾನಗಿ ಕಳೆದುಕೊಳ್ಳುವ ಅಂಜಿಕೆಯಿರುವ ಅಂಗಡಿಯವನನ್ನಾದರೂ ಕೇಳುವಂತೆ ಮಾಡಬಹುದು. ಸಮಾಜವಾದಿ ಪಕ್ಷದ ಸರ್ಕಾರವಿದ್ದಾಗ ಪೋರ್ಚುಗಲ್ ದೇಶವು ೨೦೦೧ರಲ್ಲಿ ಸ್ವಂತ ಬಳಕೆಯ ಅಲ್ಪ ಪ್ರಮಾಣವನ್ನು ಅಪರಾಧದ ಪಟ್ಟಿಯಿಂದ ತೆಗೆದು, ಸಿಕ್ಕಿಬಿದ್ದವರನ್ನು ಕೋರ್ಟಿನ ಬದಲು ಸಲಹಾ ಸಮಿತಿಗಳ ಮುಂದೆ ಕಳಿಸಿತು. ಆ ದೇಶವೇನೂ ಮುಳುಗಿಹೋಗಲಿಲ್ಲ.

ಹಾಗಾದರೆ ಗಾಂಜಾವನ್ನು ದೊಡ್ಡ ಕಂಪನಿಗಳ ಕೈಗೆ ಒಪ್ಪಿಸಬೇಕೆ? ಖಂಡಿತ ಕೂಡದು. ಬೀಡಿ, ಸಿಗರೇಟು, ಬ್ರಾಂದಿಯ ಧಣಿಗಳು ಏನು ಮಾಡಿದ್ದಾರೆಂಬುದನ್ನು ನಾಡು ಕಂಡಿದೆ. ನಾಳೆ ಕಾಯಿದೆ ಸಡಿಲವಾದರೆ ಲೈಸೆನ್ಸು ಹಿಡಿದು ಮೊದಲ ಸಾಲಿನಲ್ಲಿ ನಿಲ್ಲುವವರು ಅವರೇ. ನಿಷೇಧದ ಕಾಲದಲ್ಲಿ ಜೈಲು ಕಂಡವನು ಬಡ ರೈತ, ಪರವಾನಗಿಯ ಕಾಲದಲ್ಲಿ ಲಾಭ ಉಣ್ಣುವವನು ಧಣಿ ಎಂದಾದರೆ ಒಂದು ಅನ್ಯಾಯದ ಮೇಲೆ ಇನ್ನೊಂದನ್ನು ಹೇರಿದಂತೆ.

ಇದಕ್ಕೆ ದಾರಿ ನಮ್ಮ ಉಪಖಂಡದ ಚರಿತ್ರೆಯಲ್ಲಿಯೇ ಇದೆ. ಅಂದಿನ ಬಂಗಾಳದ ರಾಜಶಾಹಿ ಜಿಲ್ಲೆಯ ನೌಗಾಂವ್ ಎಂಬಲ್ಲಿ, ಈಗ ಬಾಂಗ್ಲಾದೇಶಕ್ಕೆ ಸೇರಿದ ಸ್ಥಳ, ೧೯೧೭ರಲ್ಲಿ ಗಾಂಜಾ ಬೆಳೆಗಾರರು ಒಂದು ಸಹಕಾರ ಸಂಘವನ್ನು ಕಟ್ಟಿದರು. ರೈತರು ಪರವಾನಗಿಯ ಮೇಲೆ ಬೆಳೆದರು, ಸಂಘ ಕೊಂಡು ಮಾರಿತು, ಸರ್ಕಾರ ತೆರಿಗೆ ಪಡೆಯಿತು. ನಡುವೆ ಕೊಳ್ಳೆ ಹೊಡೆಯುವ ದಲ್ಲಾಳಿಗೆ ಎಡೆ ತಪ್ಪಿತು. ಸಂಘದ ಹಣದಿಂದ ಶಾಲೆಗಳೂ ಔಷಧಾಲಯಗಳೂ ನಡೆದವು. ಗಾಂಜಾ ಬೆಳೆದವನ ಮಗಳು ಆ ಬೆಳೆಯ ಹಣದಿಂದಲೇ ನಡೆಯುವ ಶಾಲೆಗೆ ಹೋಗಬಹುದಾಗಿದ್ದ ಕಾಲವೂ ಒಂದಿತ್ತೆಂಬುದನ್ನು ನಾವು ಮರೆಯಬಾರದು. ನಮ್ಮ ಹಳ್ಳಿಯ ಹುಡುಗಿ ಅಡಿಕೆ ಸುಲಿಯುತ್ತಿದ್ದಾಳೆ.

ಆದುದರಿಂದ ನಮ್ಮ ಬೇಡಿಕೆಗಳು ಇವು. ಸ್ವಂತ ಬಳಕೆಯ ಅಲ್ಪ ಗಾಂಜಾವನ್ನೂ ಮನೆಮಟ್ಟಿನ ಕೆಲವು ಗಿಡಗಳನ್ನೂ ಅಪರಾಧದ ಪಟ್ಟಿಯಿಂದ ತೆಗೆಯಬೇಕು. ಅಲ್ಲಿಯವರೆಗೆ ಹೂತುದಿಯನ್ನು ಮಾತ್ರ ಬೇರ್ಪಡಿಸಿ, ಸಾಕ್ಷಿಗಳ ಎದುರು ತೂಗಬೇಕೆಂದು ಸ್ಪಷ್ಟ ಆಜ್ಞೆಯಾಗಬೇಕು. ಬೇರು ಮಣ್ಣು ತೂಗಿ ಒಳಗೆ ಹಾಕಿರುವವರ ಮೊಕದ್ದಮೆಗಳನ್ನು ಮತ್ತೆ ಪರಿಶೀಲಿಸಬೇಕು. ಮುಂದೆ ಕಾನೂನುಬದ್ಧ ಮಾರಾಟ ಬಂದಾಗ ಬೇಸಾಯದ ಹಕ್ಕು ಸಣ್ಣ ಹಿಡುವಳಿದಾರರ ಸಹಕಾರ ಸಂಘಗಳಿಗೆ ಮಾತ್ರ ಸಿಗಬೇಕು, ಇಪ್ಪತ್ತೊಂದು ವರ್ಷದೊಳಗಿನವರಿಗೆ ಮಾರಬಾರದು, ಜಾಹೀರಾತು ಕೂಡದು, ತೆರಿಗೆಯ ಹಣ ಮೊದಲು ಜಿಲ್ಲಾಸ್ಪತ್ರೆಯ ಚಟಮುಕ್ತಿ ವಾರ್ಡಿಗೆ ಸೇರಬೇಕು.

ಈ ಮಾತಿನಿಂದ ನಮಗೆ ಮತ ಹೆಚ್ಚುವುದಿಲ್ಲವೆಂದು ಮಿತ್ರರು ಎಚ್ಚರಿಸಿದ್ದಾರೆ. ಇರಬಹುದು. ಗಾಂಜಾದವರ ಪಕ್ಷವೆಂದು ನಾಳೆ ಪೇಟೆಯಲ್ಲಿ ಕುಹಕವನ್ನೂ ಕೇಳಬೇಕಾದೀತು. ಆದರೆ ಮುಂದಿನ ಸಲ ಆ ಹಳ್ಳಿಗೆ ಹೋದಾಗ ಆ ತಾಯಿಯ ಎದುರು ಮತ್ತೆ ಬಾಯಿಲ್ಲದವರಾಗಿ ನಿಲ್ಲಲು ನಾವು ಸಿದ್ಧರಿಲ್ಲ. ನಿಮ್ಮ ಯಜಮಾನರು ಮಾಡಿದ್ದು ಬ್ರಾಂದಿ ಅಂಗಡಿಯವನು ಮಾಡುವುದಕ್ಕಿಂತ ಹೆಚ್ಚೇನಲ್ಲ, ತಾಯಿ. ಅವನಿಗೆ ಲೈಸೆನ್ಸು ಕೊಳ್ಳುವ ಹಣವಿತ್ತು, ಇವರಿಗೆ ಇರಲಿಲ್ಲ. ನಾವು ಕೊಡಬಲ್ಲ ಸತ್ಯವಾದ ಉತ್ತರ ಇದೊಂದೇ. ಇದನ್ನು ಬದಲಿಸುವುದು ನಮ್ಮ ನಿಮ್ಮೆಲ್ಲರ ಕೆಲಸ.