ನಲವತ್ತೊಂಬತ್ತರ ಆಚೆ

2014ರ ಅಕ್ಟೋಬರ್‌ನಲ್ಲಿ ದೆಹಲಿ ಹೈಕೋರ್ಟ್ ಒಬ್ಬ ವ್ಯಕ್ತಿಯನ್ನು ಅತ್ಯಾಚಾರದ ಆರೋಪದಿಂದ ಖುಲಾಸೆ ಮಾಡಿತು. ಆ ಪ್ರಕರಣದಲ್ಲಿ ಸತ್ತುಹೋಗಿದ್ದ ಮಹಿಳೆಗೆ 65ರಿಂದ 70ರ ವಯಸ್ಸು. ಆಕೆಯದು ಮುಟ್ಟು ನಿಂತ ವಯಸ್ಸೆಂದು ತೀರ್ಪಿನಲ್ಲಿ ಬರೆದ ಪೀಠ, ಬಲಪ್ರಯೋಗ ಆಗಿದ್ದರೂ ಅದು ಆಕೆಯ ಇಚ್ಛೆಗೆ ವಿರುದ್ಧವಾಗಿರಲಿಲ್ಲ ಎಂಬ ಆರೋಪಿ ಪರ ವಕೀಲರ ವಾದದಲ್ಲಿ ಹುರುಳಿದೆ ಎಂದಿತು. ಮುಟ್ಟು ನಿಲ್ಲುವುದಕ್ಕೂ ಒಪ್ಪಿಗೆಗೂ ಏನು ಸಂಬಂಧ? ಕಾನೂನಿನಲ್ಲಂತೂ ಇಲ್ಲ. ಅಂದಿನ ಐಪಿಸಿ 375ನೇ ಕಲಮಿನಲ್ಲಾಗಲಿ, ಇಂದಿನ ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಮಿನಲ್ಲಾಗಲಿ ಹೆಣ್ಣಿನ ವಯಸ್ಸಿಗೆ ಮೇಲ್ಮಿತಿಯಿಲ್ಲ. ಆ ಸಂಬಂಧವನ್ನು ಕಟ್ಟಿಕೊಂಡಿರುವುದು ನಮ್ಮ ತಲೆ. ಅತ್ಯಾಚಾರವೆಂದರೆ ಕೈಮೀರಿದ ಕಾಮ, ಅದು ಕೆರಳುವುದು ಹರೆಯದ ಮೈ ಕಂಡಾಗ, ಹಾಗಾಗಿ ಮುದುಕಿಯ ತಂಟೆಗೆ ಯಾರು ಹೋಗುತ್ತಾರೆ ಎಂಬ ತರ್ಕ. ಆದರೆ 2015ರಲ್ಲಿ ಪಶ್ಚಿಮ ಬಂಗಾಳದ ರಾಣಾಘಾಟ್‌ನ ಕಾನ್ವೆಂಟಿಗೆ ನುಗ್ಗಿದ ದರೋಡೆಕೋರರಿಂದ ಅತ್ಯಾಚಾರಕ್ಕೆ ಒಳಗಾದ ಸನ್ಯಾಸಿನಿ 70 ದಾಟಿದವರು. 2020ರಲ್ಲಿ ದೆಹಲಿಯ ನಜಫ್‌ಗಢದ ಬಳಿ ಹಾಲಿನವನಿಗಾಗಿ ಮನೆ ಮುಂದೆ ಕಾಯುತ್ತಿದ್ದಾಗ ದೌರ್ಜನ್ಯಕ್ಕೆ ಒಳಗಾದಾಕೆಗೆ 86. ಈಕೆ ಎದುರು ನಿಲ್ಲಲಾರಳು, ಹೇಳಿಕೊಂಡರೂ ಯಾರೂ ನಂಬರು ಎಂಬ ಧೈರ್ಯವಿದ್ದರೆ ದುಷ್ಟನಿಗೆ ಅಷ್ಟೇ ಸಾಕು. ಆ ಧೈರ್ಯವನ್ನು ಒದಗಿಸುತ್ತಿರುವವರು ನಾವೇ.

ಈ ತರ್ಕ ಕೋರ್ಟಿಗಿಂತ ಆಳವಾಗಿ ಬೇರೂರಿರುವುದು ನಮ್ಮ ಅಂಕಿಅಂಶಗಳಲ್ಲಿ. ಹೆಣ್ಣಿನ ಮೇಲಿನ ಹಿಂಸೆಯನ್ನು ಮನೆ ಮನೆಗೆ ಹೋಗಿ ಕೇಳುವ ದೇಶದ ದೊಡ್ಡ ಸಮೀಕ್ಷೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಅದರ ಐದನೇ ಸುತ್ತಿನಲ್ಲಿ ಈ ಪ್ರಶ್ನೆ ಕೇಳಿದ್ದು 18ರಿಂದ 49 ವರ್ಷದವರನ್ನು ಮಾತ್ರ. ಕಾರಣ ಗುಟ್ಟಿನದೇನಲ್ಲ, ಸಮೀಕ್ಷೆಯ ಮೂಲ ಆಸಕ್ತಿಯೇ ಹೆರಿಗೆ, ಗರ್ಭನಿರೋಧ, ಶಿಶು ಆರೋಗ್ಯ. ಹೆರುವ ವಯಸ್ಸು ಮುಗಿಸಿದವಳು ಪಟ್ಟಿಯಿಂದ ಹೊರಬಿದ್ದಾಗ ಅವಳ ಮೇಲಿನ ಹಿಂಸೆಯೂ ಹೊರಬಿತ್ತು. 2011ರ ಜನಗಣತಿಯಲ್ಲೇ 60 ದಾಟಿದ ಹೆಂಗಸರು 5 ಕೋಟಿಗೂ ಹೆಚ್ಚಿದ್ದರು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರದಿಯಲ್ಲಿ 60 ಮೀರಿದ ಸಂತ್ರಸ್ತೆಯರಿಗೊಂದು ಕಾಲಂ ಇದೆ ನಿಜ, ಆದರೆ ಅದು ಠಾಣೆಯಲ್ಲಿ ದೂರು ದಾಖಲಾದವರ ಲೆಕ್ಕ. ಇನ್ನು 2007ರ ಹಿರಿಯ ನಾಗರಿಕರ ಕಾಯ್ದೆ ಜೀವನಾಂಶ, ಆಸ್ತಿಗಳ ಬಗ್ಗೆ ಪುಟಗಟ್ಟಲೆ ಹೇಳುತ್ತದೆ. ಲೈಂಗಿಕ ಹಿಂಸೆಯ ಸೊಲ್ಲೆತ್ತುವುದಿಲ್ಲ.

ಇವು ಎಲ್ಲೋ ಒಂದೆರಡು ಪ್ರಕರಣ ಎನ್ನುವವರ ಕೈಯಲ್ಲೂ ಒಂದು ಅಂಕಿಯಿದೆ. 28 ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ಹಿಂದಿನ ಒಂದು ವರ್ಷದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಹಿರಿಯರು ಶೇ 0.9. ಚಿಕ್ಕ ಅಂಕಿಯೇ. ಆದರೆ ಕೋಟಿಗಟ್ಟಲೆ ಜನರಿರುವಲ್ಲಿ ಶೇ 0.9 ಕೂಡ ಚಿಕ್ಕದಲ್ಲ, ಅದೂ ಬಾಯಿಬಿಟ್ಟು ಹೇಳಲು ಬಲ್ಲವರ ಲೆಕ್ಕವಷ್ಟೆ. ಮರೆವಿನ ಕಾಯಿಲೆಯವಳು, ಹಾಸಿಗೆ ಹಿಡಿದವಳು ಯಾವ ಪ್ರಶ್ನಾವಳಿಗೆ ಉತ್ತರಿಸಿಯಾಳು? ಸ್ನಾನ ಮಾಡಿಸಲು ಹೋದರೆ ಆಕೆ ಚೀರುತ್ತಾಳೆ, ಸೀರೆ ಬಿಗಿಹಿಡಿಯುತ್ತಾಳೆ. ಮನೆಯವರು ಅರವತ್ತಕ್ಕೆ ಅರಳು ಮರಳು ಎಂದು ಸುಮ್ಮನಾಗುತ್ತಾರೆ. ತೊಡೆಯ ಒಳಭಾಗದ ಕಂದು ಗಾಯ ಕಂಡರೆ ಬಚ್ಚಲಲ್ಲಿ ಜಾರಿರಬೇಕು, ರಕ್ತ ಕಂಡರೆ ಮೂತ್ರದ ಸೋಂಕಿರಬೇಕು. ಮುಟ್ಟು ನಿಂತ ಮೇಲೆ ಹಾರ್ಮೋನ್ ಇಳಿದು ಯೋನಿಯ ಒಳಪದರ ತೆಳುವಾಗುವುದರಿಂದ ಗಾಯ ಬೇಗ ಆಗುತ್ತದೆ, ಮಾಯುವುದು ತಡ. ಇದು ಗೊತ್ತಿದ್ದ ವೈದ್ಯರೂ ಅಜ್ಜಿಯನ್ನು ಆ ಪ್ರಶ್ನೆ ಕೇಳಲು ಮುಜುಗರಪಡುತ್ತಾರೆ. ಅಷ್ಟರಲ್ಲಿ ಬಟ್ಟೆ ಒಗೆದಾಗಿರುತ್ತದೆ, ಸಾಕ್ಷ್ಯ ಹೋಗಿರುತ್ತದೆ.

ಇನ್ನೊಂದು ಆಕ್ಷೇಪ ತೂಕದ್ದು. ಈ ವಯಸ್ಸಲ್ಲಿ ಕೋರ್ಟು ಕಚೇರಿ ಅಲೆಸಿ ಆಕೆಯ ಮಾನವನ್ನು ಬೀದಿಗೆ ತರುವುದೇಕೆ, ಆಕೆಗೇ ಬೇಡವಾಗಿದ್ದರೆ? ಬೇಡ ಎನ್ನುವ ಹಕ್ಕು ಆಕೆಗಿದೆ, ಸಂದೇಹವಿಲ್ಲ. ಆದರೆ ಬಹುಪಾಲು ಮನೆಗಳಲ್ಲಿ ಬೇಡ ಎನ್ನುವವರು ಮಗ, ಸೊಸೆ, ಮೊಮ್ಮಗಳ ಮದುವೆ ಮಾತುಕತೆ ನಡೆಸುತ್ತಿರುವವರು. ಎಸಗಿದವನು ಮನೆಯವನೋ ನೋಡಿಕೊಳ್ಳುವವನೋ ಆಗಿದ್ದರಂತೂ ಆಕೆ ಅವನ ಕೈತುತ್ತಿಗೇ ಕಾಯಬೇಕು. ಸುಮ್ಮನಿರುವುದು ಕ್ಷೇಮ ಎಂಬುದೂ ಸುಳ್ಳು: ಅಮೆರಿಕದಲ್ಲಿ ನರ್ಸಿಂಗ್ ಹೋಮ್‌ಗಳ 20 ಸಂತ್ರಸ್ತರನ್ನು ಕುರಿತ ಒಂದು ಅಧ್ಯಯನದಲ್ಲಿ 11 ಮಂದಿ ವರ್ಷದೊಳಗೆ ತೀರಿಕೊಂಡಿದ್ದರು. ಕೋರ್ಟಿನ ಅಲೆದಾಟ ನಿಜವಾದರೂ ಠಾಣೆಗೆ ಅಲೆಯಬೇಕೆಂದಿಲ್ಲ. ದೈಹಿಕವಾಗಿ ಅಥವಾ ಮಾನಸಿಕವಾಗಿ ಅಶಕ್ತಳಾದ ಸಂತ್ರಸ್ತೆಯ ದೂರನ್ನು ಪೊಲೀಸರು ಆಕೆಯ ಮನೆಗೇ ಹೋಗಿ ಬರೆದುಕೊಳ್ಳಬೇಕೆಂದು ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ. ಅದೇ ಸಂಹಿತೆಯ ಪ್ರಕಾರ ಖಾಸಗಿ ಆಸ್ಪತ್ರೆಯೂ ಸೇರಿ ಎಲ್ಲೆಡೆ ಚಿಕಿತ್ಸೆ ಉಚಿತವಾಗಿರಬೇಕು.

ಇಂಗ್ಲೆಂಡ್ ಮತ್ತು ವೇಲ್ಸ್‌ನ ಅಪರಾಧ ಸಮೀಕ್ಷೆ ಕೂಡ ಲೈಂಗಿಕ ಹಿಂಸೆಯ ಪ್ರಶ್ನೆಯನ್ನು 59ರ ವಯಸ್ಸಿಗೇ ನಿಲ್ಲಿಸುತ್ತಿತ್ತು. 2017ರಲ್ಲಿ ಮಿತಿಯನ್ನು 74ಕ್ಕೆ ಏರಿಸಿ, 2021ರಲ್ಲಿ ತೆಗೆದೇ ಹಾಕಿತು. ನಮ್ಮಲ್ಲಿ ಇದಕ್ಕೆ ಹೊಸ ಕಾಯ್ದೆಯೇನೂ ಬೇಕಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯ ಕುಟುಂಬ ಆರೋಗ್ಯ ಸಮೀಕ್ಷೆಯ ಮುಂದಿನ ಸುತ್ತಿನಲ್ಲಿ 49ರ ಗೆರೆಯನ್ನು ಅಳಿಸಲಿ.