ತೊಟ್ಟಿಯ ವಿದ್ಯೆಗೆ ಮಾನವೆಲ್ಲಿ?

ಕಂಡುಹಿಡಿದವನೇ ವಿಜ್ಞಾನಿ, ಅದನ್ನು ರಾಶಿಯಾಗಿ ತಯಾರಿಸುವವನು ಕೇವಲ ಕೆಲಸಗಾರ ಎಂಬ ಮತವು ವಿದ್ಯಾವಂತರಲ್ಲಿ ಬೇರೂರಿದೆ. ಸೂತ್ರವು ದೊರೆತ ಮೇಲೆ ಉಳಿದುದೆಲ್ಲವೂ ಅಡಿಗೆಯ ಕೆಲಸವೆಂದು ಇವರ ವಾದ. ಈ ವಾದವು ನಿಲ್ಲತಕ್ಕುದಲ್ಲವೆಂಬುದಕ್ಕೆ ಪೆನಿಸಿಲಿನ್ನಿನ ಚರಿತ್ರೆಯೊಂದೇ ಸಾಕು.

1928ರಲ್ಲಿ ಲಂಡನ್ನಿನ ಫ್ಲೆಮಿಂಗರು ಬೂಷ್ಟಿನ ಗುಣವನ್ನು ಕಂಡರು. 1941ರ ಫೆಬ್ರವರಿಯಲ್ಲಿ ಆಕ್ಸ್‌ಫರ್ಡಿನ ವೈದ್ಯರು ಅದರ ಸಾರವನ್ನು ನಂಜೇರಿದ್ದ ಒಬ್ಬ ಪೊಲೀಸಿನವನಿಗೆ ಕೊಟ್ಟರು. ಆತನು ಚೇತರಿಸಿಕೊಳ್ಳತೊಡಗಿದನು. ಅಷ್ಟರಲ್ಲಿ ಔಷಧವು ಮುಗಿಯಿತು. ಆತನ ಮೂತ್ರದಿಂದಲೇ ಅದನ್ನು ಮರಳಿ ತೆಗೆದು ಕೊಟ್ಟರೂ ಸಾಲದೆ ರೋಗಿಯು ಮೃತನಾದನು. ಸೂತ್ರವಿತ್ತು, ಔಷಧವಿರಲಿಲ್ಲ.

ಆ ಕೊರತೆಯನ್ನು ತುಂಬುವ ದಾರಿಯು ಅಮೆರಿಕದ ಪಿಯೋರಿಯಾ ನಗರದ ಸರ್ಕಾರಿ ಪ್ರಯೋಗಶಾಲೆಯಲ್ಲಿ ತೆರೆಯಿತು. ಮೆಕ್ಕೆಜೋಳವನ್ನು ನೆನೆಸಿ ಉಳಿದ ನೀರೇ ಬೂಷ್ಟಿಗೆ ಆಹಾರವಾಯಿತು. ಇಳುವರಿಯು ಹಲವು ಮಡಿ ಹೆಚ್ಚಿತು. ದ್ರವದ ಮೇಲೆ ಕೆನೆಯಂತೆ ಬೆಳೆಯುತ್ತಿದ್ದುದನ್ನು ಒಳಗೆ ಮುಳುಗಿಸಿ ಬೆಳೆಸಲು ಕಲಿತರು. 1944ರ ಮಾರ್ಚಿನಲ್ಲಿ ಬ್ರೂಕ್ಲಿನ್ನಿನ ಫೈಜರ್ ಸಂಸ್ಥೆಯು ತಲಾ 7,500 ಗ್ಯಾಲನ್ನಿನ 14 ತೊಟ್ಟಿಗಳನ್ನು ನಡೆಸತೊಡಗಿತು.

ಇದು ಅಡಿಗೆಯೇ? ಸೀಸೆಯನ್ನು ಅಲುಗಿಸಿದರೆ ಒಳಸೇರುವ ಗಾಳಿಯು ಆಳವಾದ ತೊಟ್ಟಿಯ ತಳಕ್ಕೆ ತಾನಾಗಿ ಇಳಿಯದು. ಜೀವಿಯು ಬೆಳೆಯುವಾಗ ಹುಟ್ಟುವ ಶಾಖವು ತಾನಾಗಿ ಹೊರಹೋಗದು. ಅನ್ಯ ಸೂಕ್ಷ್ಮಜೀವಿಯೊಂದು ನುಸುಳಿದರೆ ತೊಟ್ಟಿಯೆಲ್ಲವೂ ಕೆಡಬಹುದು. ಒಂದೊಂದಕ್ಕೂ ಬೇರೆ ಲೆಕ್ಕ, ಬೇರೆ ಯುಕ್ತಿ ಬೇಕು. ಸೇರಿನ ಅಳತೆಯನ್ನು ಸಾವಿರದಿಂದ ಗುಣಿಸಿದ ಮಾತ್ರಕ್ಕೆ ಖಂಡುಗದ ವಿದ್ಯೆ ಬಾರದು.

ಆದರೂ ಮಾನ ಯಾರಿಗೆ? 1945ರ ನೊಬೆಲ್ ಪಾರಿತೋಷಕವು ಫ್ಲೆಮಿಂಗ್, ಫ್ಲೋರಿ, ಚೇಯ್ನ್ ಎಂಬ ಮೂವರಿಗೆ ಸಂದಿತು. ಅವರು ಅದಕ್ಕೆ ಅರ್ಹರೇ ಸರಿ. ಆದರೆ ಬೂಷ್ಟನ್ನು ಬೆಳೆಸುವ ಪಾತ್ರೆಗಳನ್ನೂ, ಸಾರವನ್ನು ಕೆಡದಂತೆ ತೆಗೆಯುವ ಕ್ರಮವನ್ನೂ ರೂಪಿಸಿದ ಹೀಟ್ಲಿಯವರಿಗೆ ಅದರಲ್ಲಿ ಪಾಲಿಲ್ಲ. ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯವು ಅವರಿಗೆ ಗೌರವ ವೈದ್ಯ ಪದವಿಯನ್ನಿತ್ತುದು 1990ರಲ್ಲಿ!

ಈ ಅನಾದರದ ಫಲವನ್ನು ಭಾರತವೂ ಉಂಡಿದೆ. 1954ರಲ್ಲಿ ಪುಣೆಯ ಬಳಿಯ ಪಿಂಪ್ರಿಯಲ್ಲಿ ಸರ್ಕಾರವು ಹಿಂದೂಸ್ಥಾನ್ ಆಂಟಿಬಯೊಟಿಕ್ಸ್ ಸಂಸ್ಥೆಯನ್ನು ಸ್ಥಾಪಿಸಿ ತೊಟ್ಟಿಯ ವಿದ್ಯೆಯನ್ನು ನೆಲೆಗೊಳಿಸಿತು. ಮುಂದೆ ಚೀನಾದಿಂದ ಅಗ್ಗದ ಸರಕು ಬಂದೊಡನೆ ಪೆನಿಸಿಲಿನ್ನಿನ ತೊಟ್ಟಿಗಳು ಒಂದೊಂದಾಗಿ ನಿಂತವು. ಬೆಲೆಯೇ ಕಾರಣವೆಂದು ಹೇಳುವರು. ನಿಜ, ಆದರೆ ಹೋದುದು ಬರಿಯ ವ್ಯಾಪಾರವೆಂದು ಭಾವಿಸಿದುದರಿಂದಲೇ ಯಾರೂ ಮರುಗಲಿಲ್ಲ. ಮಾತ್ರೆ ಒತ್ತುವ ಕೆಲಸ ಉಳಿಯಿತು, ಮೂಲದ್ರವ್ಯವು ಪರಾಧೀನವಾಯಿತು. 2024ರಲ್ಲಿ ಕಾಕಿನಾಡದಲ್ಲಿ ಆ ಕೆಲಸವನ್ನು ಹೊಸದಾಗಿ ಹೂಡಬೇಕಾಯಿತು.

ಶಾಸ್ತ್ರ, ಕರ್ಮ ಎರಡನ್ನೂ ಬಲ್ಲವನೇ ವೈದ್ಯನೆಂಬುದು ಸುಶ್ರುತನ ಮತ. ಅದನ್ನು ಸಭೆಗಳಲ್ಲಿ ಕೊಂಡಾಡುವವರು ಕಾಲೇಜುಗಳಲ್ಲಿಯೂ ನಡೆಸಲಿ. ತೊಟ್ಟಿಯ ಬಳಿ ನಿಲ್ಲುವವನಿಗೆ ವಿದ್ವಾಂಸರ ಸಾಲಿನಲ್ಲಿಯೇ ಮಣೆ ಹಾಕಲಿ. ಗ್ರಂಥದಲ್ಲಿರುವ ಸೂತ್ರವು ರೋಗಿಯ ಜ್ವರವನ್ನು ಇಳಿಸದು.