ಬಂದೂಕು ಹಿಡಿದವರ ಮನೆ

ಭಯೋತ್ಪಾದಕರ ಸುದ್ದಿ ಬಂದಾಗ ನಮ್ಮ ಹೊಳಲ್ಕೆರೆಯ ಹೋಟೆಲಿನಲ್ಲಿ ತೀರ್ಪಿಗೆ ತಡವಾಗುವುದಿಲ್ಲ: “ತಲೆ ಕೆಟ್ಟವರು!” ಅಷ್ಟೆಂದರೆ ಮುಂದೆ ಯೋಚಿಸುವ ಶ್ರಮವೂ ತಪ್ಪಿತು. ಸಮಾಜಶಾಸ್ತ್ರಕ್ಕೆ ಆ ಸೌಕರ್ಯವಿಲ್ಲ. ಆತ್ಮಹತ್ಯೆಯಂತಹ ಒಂಟಿ ಕೃತ್ಯದ ಹಿಂದೆಯೂ ಸಮಾಜವಿದೆಯೆಂದು ಫ್ರಾನ್ಸಿನ ಎಮಿಲ್ ಡರ್ಖೀಮ್ 1897ರಲ್ಲಿಯೇ ವಾದಿಸಿದ್ದನು.

ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. 2005ರ ಫೆಬ್ರವರಿ 6ರಂದು ನಕ್ಸಲೀಯ ನಾಯಕ ಸಾಕೇತ್ ರಾಜನ್ ಚಿಕ್ಕಮಗಳೂರು ಜಿಲ್ಲೆಯಲ್ಲಿ ಪೊಲೀಸರ ಗುಂಡಿಗೆ ಹತನಾದನು. ನಾಲ್ಕೈದು ದಿನಗಳಲ್ಲಿ, ನಮ್ಮ ಜಿಲ್ಲೆಗೆ ತಾಗಿದ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯ ಶಾಲೆಯಲ್ಲಿ ತಂಗಿದ್ದ ಪೊಲೀಸರ ಮೇಲೆ ರಾತ್ರಿ ದಾಳಿಯಾಯಿತು. ಸಂಬಳಕ್ಕೆ ದುಡಿಯುತ್ತಿದ್ದ ಪೇದೆಗಳು ಸತ್ತರು. ಯಾವ ವಿವರಣೆಯೂ ಆ ಕೊಲೆಗಳನ್ನು ಹಗುರಮಾಡಲಾರದು.

ಆದರೂ ಕೇಳಲೇಬೇಕು: ಹೋದವರು ಯಾರು? ಸಾಕೇತ್ ಪತ್ರಿಕೋದ್ಯಮ ಕಲಿತವನು, ಕರ್ನಾಟಕದ ಇತಿಹಾಸ ಬರೆದವನು. ಅದೇ ಚಳವಳಿಗೆ ಮಲೆನಾಡಿನ ಬಡಮನೆಗಳ ಹೆಣ್ಣುಮಕ್ಕಳೂ ಸೇರಿದರು. ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕಾಗಿ ಒಕ್ಕಲೇಳಬೇಕಾದೀತೆಂಬ ಭಯ ಆ ಕಡೆಯ ಊರುಗಳನ್ನು ಕಾಡುತ್ತಿತ್ತು. ಬಡತನವೇ ಕಾರಣವೆನ್ನುವವರಿಗೆ ಸಾಕೇತ್ ಅಡ್ಡಬರುತ್ತಾನೆ. ಓದು ಕೆಡಿಸಿತೆನ್ನುವವರಿಗೆ ಈ ಹೆಣ್ಣುಮಕ್ಕಳು. ಅದೇ ಭಯದಲ್ಲಿದ್ದ ನೂರಾರು ಮನೆಗಳವರು ಬಂದೂಕು ಹಿಡಿಯಲಿಲ್ಲವೆಂಬುದನ್ನೂ ಮರೆಯಬಾರದು. ಆದುದರಿಂದ ಸಮಾಜಶಾಸ್ತ್ರಜ್ಞನು ಇನ್ನೂ ಹತ್ತಿರ ಹೋಗುತ್ತಾನೆ: ಯಾವ ಗೆಳತಿ ಕರೆದಳು, ಯಾವ ಸಭೆಗೆ ಹೋದರು, ಯಾವ ಕಚೇರಿಯ ಬಾಗಿಲು ಮುಚ್ಚಿತ್ತು, ಮರಳುವ ದಾರಿ ಯಾವಾಗ ಕಟ್ಟಿತು.

2025ರ ಜನವರಿ 8ರಂದು ಮುಂಡಗಾರು ಲತಾ ಸೇರಿ ಆರು ಮಂದಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳೆದುರು ಶರಣಾದರು. ಅವರು ಮುಂದಿಟ್ಟ ಬೇಡಿಕೆಗಳಲ್ಲಿ ಆದಿವಾಸಿಗಳ ಭೂಮಿಯ ಪ್ರಶ್ನೆ ಇತ್ತು. ಇಪ್ಪತ್ತು ವರ್ಷಗಳ ಹಿಂದೆಯೂ ಇದ್ದುದು ಅದೇ.